ಮ್ಯಾನ್ಮಾರ್ ದೇಶಭ್ರಷ್ಟರ ಮಾತು ಸಂಸತ್ತಿನಲ್ಲಿ ಕೇಳಲಿ: ಚಿಕ್ಕಬಳ್ಳಾಪುರದ ಲೋಕಸಭಾ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರಿಗೆ,
ಚಿಕ್ಕಬಳ್ಳಾಪುರ ಕ್ಷೇತ್ರ.

ಮಾನ್ಯರೇ,

ನಾನು ಗೌರಿಬಿದನೂರು ತಾಲ್ಲೂಕಿನವನು. ಇಪ್ಪತ್ತೆರಡು ವರ್ಷ ಗಡಿ ಕಾಯುವ ಕೆಲಸ ಮಾಡಿ, ನಿವೃತ್ತನಾಗಿ ಊರಿಗೆ ಮರಳಿ, ಈಗ ಎರಡು ಎಕರೆಯಲ್ಲಿ ಮುಸುಕಿನ ಜೋಳವನ್ನೂ ಒಂದಿಷ್ಟು ಹಿಪ್ಪುನೇರಳೆಯನ್ನೂ ಬೆಳೆದುಕೊಂಡಿದ್ದೇನೆ. ಕೊಳವೆಬಾವಿ, ರೇಷ್ಮೆಗೂಡಿನ ಬೆಲೆ, ರೈಲು ನಿಲುಗಡೆ ಎಂದು ತಮ್ಮ ಕಚೇರಿಗೆ ನಮ್ಮ ಕಡೆಯಿಂದ ಅರ್ಜಿಗಳು ಬರುತ್ತಲೇ ಇರುತ್ತವೆ. ಈ ಪತ್ರ ಆ ಬಗೆಯದಲ್ಲ. ನೆರೆಯ ಮ್ಯಾನ್ಮಾರ್‌ನಿಂದ, ಅಂದರೆ ನಾವು ಬರ್ಮಾ ಎಂದು ಕರೆಯುತ್ತಿದ್ದ ದೇಶದಿಂದ, ಓಡಿಬಂದವರ ಪರವಾಗಿ, ಅವರು ಐದು ವರ್ಷಗಳಿಂದ ಜಗತ್ತಿಗೆ ಹೇಳುತ್ತಿರುವ ಒಂದು ಮಾತನ್ನು (ಬಂದೂಕು ನಿಂತರಷ್ಟೇ ಸಾಲದು, ಆಳುವವರು ಜನರಿಗೆ ಉತ್ತರ ಕೊಡುವಂತಾದರೆ ಮಾತ್ರ ಶಾಂತಿ ಬಾಳುತ್ತದೆ ಎಂಬುದನ್ನು) ತಾವು ಲೋಕಸಭೆಯಲ್ಲಿ ಎತ್ತಬೇಕೆಂದು ಕೇಳಿಕೊಳ್ಳುವ ಪತ್ರ. ಗೌರಿಬಿದನೂರಿಗೂ ಬರ್ಮಾಕ್ಕೂ ಏನು ಸಂಬಂಧ ಎಂದು ನಮ್ಮೂರಿನವರೇ ನನ್ನನ್ನು ಕೇಳಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

2021ರಲ್ಲಿ ನಾನು ಮಿಜೋರಾಂನ ಚಂಫಾಯ್ ಜಿಲ್ಲೆಯಲ್ಲಿದ್ದೆ. ಅಲ್ಲಿ ಜೋಖಾವ್ತಾರ್ ಎಂಬ ಊರಿನ ಬಳಿ ಭಾರತಕ್ಕೂ ಮ್ಯಾನ್ಮಾರ್‌ಗೂ ನಡುವೆ ತಿಯಾವ್ ಎಂಬ ಹೊಳೆ ಹರಿಯುತ್ತದೆ. ಬೇಸಿಗೆಯಲ್ಲಿ ಅದು ನಮ್ಮ ಉತ್ತರ ಪಿನಾಕಿನಿ ಮಳೆಗಾಲದಲ್ಲಿ ಹರಿದಷ್ಟೇ. ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದು. ಆ ಬೇಸಿಗೆಯಲ್ಲಿ ಜನ ಹಾಗೆಯೇ ದಾಟಿ ಬಂದರು. ಒಬ್ಬ ಹೆಂಗಸು ಬೆನ್ನಿಗೆ ಕೂಸನ್ನು ಕಟ್ಟಿಕೊಂಡು, ಕೈಯಲ್ಲೊಂದು ಪ್ರೆಷರ್ ಕುಕ್ಕರ್ ಹಿಡಿದಿದ್ದಳು; ಕುಕ್ಕರಿನೊಳಗೆ ಅಕ್ಕಿಯಿರಲಿಲ್ಲ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಮನೆಯ ಕಾಗದಪತ್ರಗಳಿದ್ದವು. ಅವಳ ಹಿಂದೆ ಬಂದವನು ಶಾಲಾ ಮೇಷ್ಟ್ರು. ಸೇನಾಡಳಿತದ ಕೆಳಗೆ ಪಾಠ ಮಾಡುವುದಿಲ್ಲವೆಂದು ಕೆಲಸ ಬಿಟ್ಟವನು. ನಮ್ಮ ಜೊತೆಗಿದ್ದ ಮಿಜೋ ಹುಡುಗ ಅವನ ಮಾತನ್ನು ಹಿಂದಿಗೆ ತಿರುಗಿಸಿ ಹೇಳುತ್ತಿದ್ದ. ಮೇಷ್ಟ್ರು ತನ್ನ ಮೊಬೈಲ್ ತೆಗೆದು ಒಂದು ಚಿತ್ರ ತೋರಿಸಿದ: 2020ರ ನವೆಂಬರ್‌ನಲ್ಲಿ ಮತ ಹಾಕಿದ ದಿನ ತೆಗೆದದ್ದು, ಕಿರುಬೆರಳಿನ ತುದಿಗೆ ಮಸಿ. ಅಲ್ಲಿ ಮಸಿ ಹಚ್ಚುವುದು ಕಿರುಬೆರಳಿಗೆ. ಹೊಳೆ ದಾಟುವ ಮೊದಲು ಫೋನಿನಲ್ಲಿದ್ದ ಮಿಕ್ಕ ಚಿತ್ರಗಳನ್ನೆಲ್ಲ ಅಳಿಸಿದ್ದನಂತೆ. ಇದೊಂದನ್ನು ಅಳಿಸಲು ಕೈ ಬರಲಿಲ್ಲವೆಂದ. ಮೈಸೂರಿನಲ್ಲಿ ತಯಾರಾದ ಮಸಿಯನ್ನು ತೋರುಬೆರಳಿಗೆ ಹಚ್ಚಿಸಿಕೊಂಡು ಎರಡೇ ವಾರದಲ್ಲಿ ಮರೆತುಬಿಡುವ ನಾನು ಅವನ ಮುಖ ನೋಡಲಾರದೆ ಹೊಳೆಯ ಕಡೆ ತಿರುಗಿ ನಿಂತೆ.

ಆ ಮತಕ್ಕೆ ಏನಾಯಿತೆಂಬುದು ತಮಗೆ ತಿಳಿದದ್ದೇ. 2020ರ ನವೆಂಬರ್ 8ರ ಚುನಾವಣೆಯಲ್ಲಿ ಆಂಗ್ ಸಾನ್ ಸೂ ಕಿ ಅವರ ಪಕ್ಷ 476 ಸ್ಥಾನಗಳ ಪೈಕಿ 396ನ್ನು ಗೆದ್ದಿತು. ಹೊಸ ಸಂಸತ್ತು ಸೇರಬೇಕಾಗಿದ್ದ 2021ರ ಫೆಬ್ರವರಿ 1ರ ಬೆಳಗಿನ ಜಾವದಲ್ಲಿ ಸೇನೆ ಅವರನ್ನೂ ಅಧ್ಯಕ್ಷರನ್ನೂ ಬಂಧಿಸಿ ಅಧಿಕಾರ ಹಿಡಿಯಿತು. ಜನ ಮೊದಲು ಮಾಡಿದ್ದು ರಾತ್ರಿ ಎಂಟು ಗಂಟೆಗೆ ಮನೆಮನೆಯ ಬಾಗಿಲಲ್ಲಿ ನಿಂತು ಪಾತ್ರೆ ಬಡಿಯುವುದು. ಪಾತ್ರೆಯ ಸದ್ದಿಗೆ ಪೀಡೆ ತೊಲಗುತ್ತದೆ ಎಂಬುದು ಅಲ್ಲಿನ ಹಳೆಯ ನಂಬಿಕೆ. ವೈದ್ಯರು, ಮೇಷ್ಟ್ರುಗಳು, ರೈಲ್ವೆ ನೌಕರರು ಕೆಲಸ ಬಿಟ್ಟು ಬೀದಿಗೆ ಬಂದರು. ಫೆಬ್ರವರಿ 9ರಂದು ರಾಜಧಾನಿ ನೇಪಿಡಾದಲ್ಲಿ ಗುಂಡೇಟು ತಿಂದ ಒಬ್ಬ ತರುಣಿ ಹತ್ತು ದಿನಗಳ ಬಳಿಕ ತೀರಿಕೊಂಡಳು. ಮಾರ್ಚ್ 27ರ ಒಂದೇ ದಿನ ನೂರಕ್ಕೂ ಹೆಚ್ಚು ಜನ ಸತ್ತರು. ಅಂದು ಅಲ್ಲಿ ಸೇನಾ ದಿನಾಚರಣೆ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಮಾತನ್ನು ನಮ್ಮ ಕಡೆ ಸುಮ್ಮನೆ ಆಡಿಬಿಡುತ್ತೇವೆ. ಸಮವಸ್ತ್ರ ತೊಟ್ಟವನಿಗೆ ಅದಕ್ಕಿಂತ ದೊಡ್ಡ ಅವಮಾನದ ಮಾತಿಲ್ಲ.

ಹೀಗೆ ಮತ ಪಡೆದೂ ಕುರ್ಚಿ ಸಿಗದವರು, ಹುಡುಕಿಸಿಕೊಳ್ಳುತ್ತಿದ್ದವರು, ಕಾಡಿಗೂ ಗಡಿಯಾಚೆಗೂ ಹೋದರು. ಚಿನ್ ರಾಜ್ಯದ ಮುಖ್ಯಮಂತ್ರಿಯೇ ಮಿಜೋರಾಂಗೆ ಬಂದು ಆಶ್ರಯ ಪಡೆದರು. ಅವರೆಲ್ಲ ಸೇರಿ 2021ರ ಏಪ್ರಿಲ್ 16ರಂದು ರಾಷ್ಟ್ರೀಯ ಐಕ್ಯತಾ ಸರ್ಕಾರವೆಂಬುದನ್ನು ಕಟ್ಟಿದರು. ಅದರ ಮಂತ್ರಿಗಳಲ್ಲಿ ಕೆಲವರು ದೇಶದೊಳಗಿನ ಕಾಡುಗಳಲ್ಲಿ, ಕೆಲವರು ಪರದೇಶಗಳಲ್ಲಿ ಇದ್ದಾರೆ. ಅವರು ಹೇಳುತ್ತಿರುವುದು ಇಷ್ಟು: ಬಂದೂಕು ನಿಲ್ಲಲೇಬೇಕು, ಆದರೆ ಬಂದೂಕು ಹಿಡಿದವರೇ ಆಳುವ ವ್ಯವಸ್ಥೆ ಹಾಗೆಯೇ ಉಳಿಯುವುದಾದರೆ ಆ ನಿಲುಗಡೆ ಮುಂದಿನ ಗುಂಡಿಗೆ ಸಿದ್ಧತೆಯಷ್ಟೇ ಆಗುತ್ತದೆ, ಸೇನೆ ಚುನಾಯಿತ ಸರ್ಕಾರದ ಮಾತು ಕೇಳುವಂತಾಗಿ, ಕಾಚಿನ್, ಕರೆನ್, ಚಿನ್, ಶಾನ್, ರಖೈನ್ ಜನರಿಗೆ ಒಕ್ಕೂಟದಲ್ಲಿ ನಿಜವಾದ ಪಾಲು ಸಿಕ್ಕಿದಾಗ ಮಾತ್ರ ಶಾಂತಿ ಬಾಳುತ್ತದೆ. ಅಧಿಕಾರ ಕಳೆದುಕೊಂಡವರು ಹೀಗೆ ಹೇಳುವುದು ಸಹಜವೇ ಅಲ್ಲವೇ ಎಂದು ದೆಹಲಿಯಲ್ಲಿ ಕೆಲವರು ಕೇಳಬಹುದು. ಅವರು ಕಾಚಿನ್ ರಾಜ್ಯದ ಕಥೆಯನ್ನು ನೋಡಬೇಕು.

ಕಾಚಿನ್ ಜನರ ಸಶಸ್ತ್ರ ಸಂಘಟನೆಯೂ ಸೇನಾಡಳಿತವೂ 1994ರ ಫೆಬ್ರವರಿಯಲ್ಲಿ ಕದನವಿರಾಮಕ್ಕೆ ಒಪ್ಪಿದವು. ಹದಿನೇಳು ವರ್ಷ ಅದು ಉಳಿಯಿತು. ಆ ಹದಿನೇಳು ವರ್ಷಗಳಲ್ಲಿ ಜೇಡ್ ಎಂಬ ಹಸಿರು ಕಲ್ಲಿನ ಗಣಿಗಳು ಕೈ ಬದಲಾಯಿಸಿದವು, ಮರ ಗಡಿ ದಾಟಿತು, ಸೇನೆಯ ಹೊಸ ಠಾಣೆಗಳು ಎದ್ದವು. ಅಧಿಕಾರ ಹಂಚಿಕೆಯ ಪ್ರಶ್ನೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಸಂವಿಧಾನ ಬರೆಯುವ ಸಭೆಯಲ್ಲಿ ಕಾಚಿನ್ನರು ಮುಂದಿಟ್ಟ ಬೇಡಿಕೆಗಳನ್ನು ಬದಿಗೆ ಸರಿಸಲಾಯಿತು. ನರ್ಗಿಸ್ ಚಂಡಮಾರುತ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ಪಡೆದು ಇನ್ನೂ ಹತ್ತು ದಿನವೂ ಆಗದಿದ್ದಾಗ, 2008ರ ಮೇ 10ರಂದು, ಅದೇ ಸಂವಿಧಾನಕ್ಕೆ ದೇಶದ ಹೆಚ್ಚಿನ ಕಡೆ ಜನಮತಗಣನೆ ನಡೆಸಿದರು. ಸಂಸತ್ತಿನ ನಾಲ್ಕನೇ ಒಂದು ಭಾಗ ಸೇನೆಗೇ ಮೀಸಲು. ಗೃಹ, ರಕ್ಷಣೆ, ಗಡಿ ವ್ಯವಹಾರ ಮೂರೂ ಖಾತೆಗಳು ಸೇನಾಧಿಕಾರಿಗಳಿಗೇ. ಮುಖ್ಯ ತಿದ್ದುಪಡಿಗಳಿಗೆ ಮುಕ್ಕಾಲು ಪಾಲಿಗಿಂತ ಹೆಚ್ಚು ಮತ ಬೇಕು. ನಾಲ್ಕನೇ ಒಂದು ಭಾಗ ಸೇನೆಯ ಕೈಯಲ್ಲಿರುವಾಗ ಮುಕ್ಕಾಲಿಗಿಂತ ಹೆಚ್ಚು ಎಲ್ಲಿಂದ ಬರಬೇಕು? ಬಳಿಕ ಕಾಚಿನ್ ಹುಡುಗರನ್ನು ಸೇನೆಯ ಅಧೀನದ ಗಡಿ ಪಡೆಯಾಗಿ ಮಾಡಹೊರಟರು, ಅವರು ಒಪ್ಪಲಿಲ್ಲ, 2011ರ ಜೂನ್‌ನಲ್ಲಿ ಗುಂಡಿನ ಸದ್ದು ಮತ್ತೆ ಶುರುವಾಯಿತು. ಒಂದು ಲಕ್ಷದಷ್ಟು ಜನ ಮನೆ ಬಿಟ್ಟರು. ಹದಿನೇಳು ವರ್ಷ ಇದ್ದದ್ದು ಬೂದಿ ಮುಚ್ಚಿದ ಕೆಂಡ.

2024ರ ಜನವರಿಯಲ್ಲಿ ಚೀನಾದ ಮಧ್ಯಸ್ಥಿಕೆಯಲ್ಲಿ ಉತ್ತರ ಶಾನ್ ಪ್ರಾಂತ್ಯದಲ್ಲಿ ಸೇನೆಗೂ ಅಲ್ಲಿನ ಸಶಸ್ತ್ರ ಸಂಘಟನೆಗಳಿಗೂ ಆದ ಕದನವಿರಾಮದ ಒಪ್ಪಂದ ಆರು ತಿಂಗಳೂ ನಿಲ್ಲಲಿಲ್ಲ. ಆಗ್ನೇಯ ಏಷ್ಯಾದ ಕೂಟವಾದ ಆಸಿಯಾನ್‌ನ ರಾಷ್ಟ್ರಗಳು 2021ರ ಏಪ್ರಿಲ್‌ನಲ್ಲಿ ಜಕಾರ್ತದಲ್ಲಿ ಐದು ಅಂಶಗಳಿಗೆ ಒಪ್ಪಿಗೆ ಪಡೆದವು. ಹಿಂಸೆ ನಿಲ್ಲಬೇಕು ಎಂಬುದು ಮೊದಲನೆಯದು. ರಾಜಕೀಯ ಕೈದಿಗಳ ಬಿಡುಗಡೆಯ ಮಾತು ಆ ಐದರಲ್ಲಿ ಎಲ್ಲಿಯೂ ಇಲ್ಲ. ಯಾರೊಡನೆ ಮಾತಾಡಬೇಕೋ ಅವರು ಜೈಲಿನಲ್ಲಿರುವಾಗ ಮಾತುಕತೆ ಯಾರೊಡನೆ?

ಮಾನ್ಯರೇ, ಈಗ ನಮ್ಮ ತಾಲ್ಲೂಕಿಗೆ ಬರುತ್ತೇನೆ. ವಿದುರಾಶ್ವತ್ಥಕ್ಕೆ ತಾವು ಬಂದಿದ್ದೀರಿ. ಆ ನಾಗರಕಲ್ಲುಗಳ ಸಾಲು, ವೀರಸೌಧ, ಹುತಾತ್ಮರ ಸ್ಮಾರಕ ತಮಗೆ ಗೊತ್ತು. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಹಾರಿಸಿದವರನ್ನು ಬಂಧಿಸಿದ ಮೇಲೆ ಚಳವಳಿ ಸಂಸ್ಥಾನದ ಎಲ್ಲೆಡೆ ಹಬ್ಬಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದ ಜಾತ್ರೆಗೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ನಮ್ಮ ಜನರ ಲೆಕ್ಕದಲ್ಲಿ ಸತ್ತವರು 32 ಮಂದಿ, ಸರ್ಕಾರ ಕೊಟ್ಟ ಲೆಕ್ಕ ಅದಕ್ಕಿಂತ ತೀರ ಕಡಿಮೆ. ನಮ್ಮ ತಾತನಿಗೆ ಆಗ ಹದಿನೇಳು. ಜಾತ್ರೆಯಲ್ಲಿದ್ದ ಅವರು, ಗುಂಡಿನ ಸದ್ದಿಗೆ ಹೊಳೆಯತ್ತ ಓಡಿ, ಕತ್ತಲಾದ ಮೇಲೆ ಗಡಿ ದಾಟಿ ಹಿಂದೂಪುರದ ಕಡೆಯ ನೆಂಟರ ಮನೆ ಸೇರಿದರು. ಅದು ಮದ್ರಾಸ್ ಪ್ರಾಂತ್ಯ; ಮೈಸೂರು ಪೊಲೀಸರ ಕೈ ಅಲ್ಲಿಗೆ ಸುಲಭವಾಗಿ ಎಟುಕುತ್ತಿರಲಿಲ್ಲ. ಒಂದೂವರೆ ತಿಂಗಳು ಅಲ್ಲಿಯೇ ನೆಂಟರ ಎಮ್ಮೆ ಮೇಯಿಸಿಕೊಂಡಿದ್ದರಂತೆ. ಸಂಜೆ ದಿಬ್ಬ ಹತ್ತಿದರೆ ನಮ್ಮ ಕಡೆಯ ಬೆಟ್ಟ ಕಾಣುತ್ತಿತ್ತು, ಕಂಡರೂ ಬರುವ ಹಾಗಿರಲಿಲ್ಲ ಎಂದು ಹೇಳುತ್ತಿದ್ದರು. ಜೋಖಾವ್ತಾರ್‌ನಲ್ಲಿ ಸಂಜೆ ಹೊತ್ತು ಎತ್ತರದಲ್ಲಿ ಕುಳಿತು ಆಚೆ ದಡವನ್ನೇ ನೋಡುತ್ತಿದ್ದ ಮುದುಕರನ್ನು ಕಂಡಾಗಲೆಲ್ಲ ನನಗೆ ತಾತನ ಆ ದಿಬ್ಬ ನೆನಪಾಗುತ್ತಿತ್ತು.

ಆ ಬಳಿಕ ಆದದ್ದನ್ನು ನಾವು ಭಾಷಣಗಳಲ್ಲಿ ಬೇಗ ದಾಟಿಬಿಡುತ್ತೇವೆ. ಗಾಂಧೀಜಿಯವರ ಸೂಚನೆಯಂತೆ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರು ಸಂಸ್ಥಾನಕ್ಕೆ ಬಂದರು, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಒಪ್ಪಂದವಾಯಿತು. ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ ಸಿಕ್ಕಿತು, ಸಂಸ್ಥಾನದ ಧ್ವಜದ ಜೊತೆಗೆ ತ್ರಿವರ್ಣ ಧ್ವಜ ಹಾರಿಸಲು ಅನುಮತಿ ಸಿಕ್ಕಿತು. ಗುಂಡು ನಿಂತಿತು, ಅದು ದೊಡ್ಡದೇ. ಆದರೆ ಜನ ಕೇಳಿದ್ದ ಜವಾಬ್ದಾರಿ ಸರ್ಕಾರ ಬರಲಿಲ್ಲ. ಅಂದು ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು, ನಾಡು ಇಂದಿಗೂ ಪ್ರೀತಿಯಿಂದ ನೆನೆಯುವ ಅರಸರು. ದಿವಾನರ ಸಾಮರ್ಥ್ಯವನ್ನು ವಿರೋಧಿಗಳೂ ಒಪ್ಪುತ್ತಿದ್ದರು. ಅಂಥವರ ಕಾಲದಲ್ಲೂ ಆಳುವವರು ಜನರಿಗೆ ಉತ್ತರ ಕೊಡಬೇಕಾದ ವ್ಯವಸ್ಥೆ ಇಲ್ಲದಿದ್ದುದರಿಂದ ಶಾಂತಿ ನಿಲ್ಲಲಿಲ್ಲ. ಮತ್ತೆ ಸತ್ಯಾಗ್ರಹ, ಮತ್ತೆ ಬಂಧನ, 1942ರಲ್ಲಿ ಈಸೂರು, ಅಲ್ಲಿನ ಐವರಿಗೆ ಗಲ್ಲು. ದೇಶ ಸ್ವತಂತ್ರವಾದ ಮೇಲೂ ಮೈಸೂರಿನಲ್ಲಿ ಅಧಿಕಾರ ಜನರ ಕೈಗೆ ಬರದಿದ್ದಾಗ 1947ರ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಶುರುವಾಯಿತು. ಅಕ್ಟೋಬರ್‌ನಲ್ಲಿ ಒಪ್ಪಂದವಾಗಿ, ನಮ್ಮದೇ ಕೋಲಾರ ಸೀಮೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು ಮೊದಲ ಮುಖ್ಯಮಂತ್ರಿಯಾದರು. ಆ ಬೀದಿ ಜಗಳ ಅಲ್ಲಿಗೆ ಮುಗಿಯಿತು. 1938ರ ಒಪ್ಪಂದಕ್ಕೂ 1947ರ ಒಪ್ಪಂದಕ್ಕೂ ಇರುವ ವ್ಯತ್ಯಾಸವನ್ನೇ ಇಂದು ಬರ್ಮಾದ ದೇಶಭ್ರಷ್ಟರು ಜಗತ್ತಿಗೆ ವಿವರಿಸಲು ಹೆಣಗುತ್ತಿದ್ದಾರೆ. ವಿದುರಾಶ್ವತ್ಥದ ಪ್ರತಿನಿಧಿಯಾದ ತಮಗೆ ಅದನ್ನು ವಿವರಿಸುವ ಅಗತ್ಯವಿಲ್ಲವೆಂದು ನಂಬಿ ತಮಗೇ ಬರೆದೆ.

ಮಿಜೋರಾಂ ಕೂಡ ಇದಕ್ಕೆ ಸಾಕ್ಷಿ. ನಾನು ಅಲ್ಲಿಗೆ ಹೋಗುವ ಮುಂಚೆ, ಅದೊಂದು ಕಾಲದಲ್ಲಿ ದಂಗೆಯ ನಾಡಾಗಿತ್ತು ಎಂಬುದಷ್ಟೇ ಗೊತ್ತಿತ್ತು. 1966ರ ಮಾರ್ಚ್‌ನಲ್ಲಿ ಐಜ್ವಾಲ್‌ನ ಮೇಲೆ ನಮ್ಮದೇ ವಿಮಾನಗಳು ದಾಳಿ ಮಾಡಿದ್ದವೆಂದು, ಅಲ್ಲಿನ ಹಿರಿಯರು ಚಹಾ ಕೊಡುತ್ತ, ದ್ವೇಷವಿಲ್ಲದೆ ಹೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ದಂಗೆಯ ನಾಯಕ ಲಾಲ್‌ಡೆಂಗಾ ಅವರು ಪೂರ್ವ ಪಾಕಿಸ್ತಾನದಲ್ಲಿ, ಮುಂದೆ ಲಂಡನ್ನಿನಲ್ಲಿ, ವರ್ಷಗಟ್ಟಲೆ ದೇಶಭ್ರಷ್ಟರಾಗಿದ್ದರು. ನಮ್ಮ ಸರ್ಕಾರ ಅವರೊಡನೆ ಮಾತಾಡಿತು. 1986ರ ಜೂನ್ 30ರ ಒಪ್ಪಂದದಲ್ಲಿ ಬಂದೂಕು ಒಪ್ಪಿಸುವ ಮಾತಿನ ಜೊತೆಗೇ ರಾಜ್ಯದ ಸ್ಥಾನಮಾನವೂ ಇತ್ತು. 1987ರಲ್ಲಿ ಮಿಜೋರಾಂ ರಾಜ್ಯವಾಯಿತು, ಚುನಾವಣೆ ಗೆದ್ದು ಲಾಲ್‌ಡೆಂಗಾ ಮುಖ್ಯಮಂತ್ರಿಯಾದರು. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಮುಂದಿನ ಘಟನೆ. ಒಂದೂವರೆ ವರ್ಷದಲ್ಲಿ ಅವರ ಸರ್ಕಾರ ಬಿದ್ದಿತು, 1989ರ ಚುನಾವಣೆಯಲ್ಲಿ ಅವರ ಪಕ್ಷ ಸೋತಿತು, ಸೋತವರು ಮತ್ತೆ ಕಾಡಿಗೆ ಹೋಗಲಿಲ್ಲ. ಅವರ ಬಲಗೈಯಾಗಿ ಕಾಡಿನಲ್ಲಿದ್ದ ಜೋರಂಥಂಗಾ ಅವರು ಮುಂದೆ ಮತ ಕೇಳಿಯೇ ಮುಖ್ಯಮಂತ್ರಿಯಾದರು. 2021ರ ಮಾರ್ಚ್‌ನಲ್ಲಿ, ಗಡಿ ದಾಟಿ ಬಂದವರನ್ನು ವಾಪಸು ಅಟ್ಟಲಾಗದು ಎಂದು ಪ್ರಧಾನಮಂತ್ರಿಗಳಿಗೆ ಪತ್ರ ಬರೆದವರೂ ಅವರೇ. ಸೋತವನು ಮನೆಗೆ ಹೋಗಿ ಮುಂದಿನ ಚುನಾವಣೆಗೆ ಕಾಯುವಂತಾದದ್ದರಿಂದಲೇ ಮಿಜೋರಾಂ ಇಂದು ನೆಮ್ಮದಿಯಾಗಿದೆ. ಬರ್ಮಾದಲ್ಲಿ 1990ರಲ್ಲಿ 485ರ ಪೈಕಿ 392 ಸ್ಥಾನ ಗೆದ್ದವರಿಗೂ ಅಧಿಕಾರ ಸಿಗಲಿಲ್ಲ, 2020ರಲ್ಲಿ ಗೆದ್ದವರಿಗೂ ಸಿಗಲಿಲ್ಲ. ಗೆದ್ದವನೇ ಜೈಲಿಗೆ ಹೋಗುವ ಕಡೆ ಸೋತವನು ಬಂದೂಕು ಕೆಳಗಿಡಲು ಯಾವ ಧೈರ್ಯ ಬರಬೇಕು?

ದೇಶಭ್ರಷ್ಟರಲ್ಲಿ ತಪ್ಪೇ ಇಲ್ಲವೆಂದು ನಾನು ಹೇಳುವುದಿಲ್ಲ. 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಬಾಂಗ್ಲಾದೇಶಕ್ಕೆ ಓಡಬೇಕಾಗಿ ಬಂದಾಗ ಅಂದಿನ ಚುನಾಯಿತ ಸರ್ಕಾರ ಸೇನೆಯ ಪರವಾಗಿಯೇ ನಿಂತಿತು. 2019ರ ಡಿಸೆಂಬರ್‌ನಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಸೂ ಕಿ ಅವರೇ ನಿಂತು ಸಮರ್ಥಿಸಿದರು. ಅವರನ್ನು ಗೌರವಿಸುವ ನನ್ನಂಥವರಿಗೆ ಅದು ಇಂದಿಗೂ ನುಂಗಲಾರದ ತುತ್ತು. ಐಕ್ಯತಾ ಸರ್ಕಾರ 2021ರ ಜೂನ್‌ನಲ್ಲಿ ರೋಹಿಂಗ್ಯಾ ಎಂಬ ಹೆಸರನ್ನೇ ಬಳಸಿ, 1982ರ ಪೌರತ್ವ ಕಾನೂನನ್ನು ತೆಗೆದುಹಾಕುವ ಮಾತು ಕೊಟ್ಟಿದೆ. ಜೈಲು, ಕಾಡು, ಪರದೇಶದ ಬಾಳು ಅವರಿಗೆ ಕಲಿಸಿದ್ದು ಅದು. ಆ ಮಾತನ್ನು ಅವರು ಉಳಿಸಿಕೊಳ್ಳುತ್ತಾರೋ ಇಲ್ಲವೋ ನೋಡಬೇಕಾದರೂ ಅವರೊಡನೆ ಸಂಪರ್ಕವಿರಬೇಕು. ಬಂದೂಕಿನ ವಿಷಯವೂ ಹೀಗೆಯೇ. 2021ರ ಸೆಪ್ಟೆಂಬರ್‌ನಲ್ಲಿ ಅವರು ರಕ್ಷಣಾ ಯುದ್ಧವನ್ನು ಘೋಷಿಸಿದರು. ಬಂದೂಕು ಏನು ಮಾಡುತ್ತದೆ, ಮಾಡಿದವನೊಳಗೆ ಏನನ್ನು ಉಳಿಸುತ್ತದೆ ಎಂಬುದನ್ನು ಬಲ್ಲವನಾಗಿ ನನಗೆ ಆ ದಾರಿ ಸಮಾಧಾನ ತಂದಿಲ್ಲ. ಆದರೆ ಪಾತ್ರೆ ಬಡಿದು ಕೇಳಿದವರಿಗೆ ಗುಂಡಿನ ಉತ್ತರ ಸಿಕ್ಕಿದ್ದನ್ನು ನೋಡಿದ ಮೇಲೆ, ಹೊಳೆಯ ಈಚೆ ದಡದಲ್ಲಿ ಕ್ಷೇಮವಾಗಿ ನಿಂತು ಅವರಿಗೆ ಬುದ್ಧಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ದೇಶದ ಹಿತವೆಂಬ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುವವನಲ್ಲ. ಮ್ಯಾನ್ಮಾರ್ ಜೊತೆ ನಮ್ಮ ಗಡಿ 1,643 ಕಿಲೋಮೀಟರ್. ಅಲ್ಲಿ ಯಾರು ಅಧಿಕಾರದಲ್ಲಿದ್ದಾರೋ ಅವರೊಡನೆ ವ್ಯವಹರಿಸಬೇಕು, ಇಲ್ಲವಾದರೆ ಚೀನಾ ಒಳಬರುತ್ತದೆ ಎಂದು ಬಹುಕಾಲದಿಂದ ಹೇಳಲಾಗುತ್ತಿದೆ. ಆದರೆ ಅಧಿಕಾರದಲ್ಲಿರುವುದು ಯಾರು? ಮ್ಯಾನ್ಮಾರ್‌ನ ಸಿತ್ವೆ ಬಂದರಿನಿಂದ ಮಿಜೋರಾಂಗೆ ಸರಕು ತರಲು ನಾವು ಕಟ್ಟುತ್ತಿರುವ ಕಲಾದಾನ್ ಮಾರ್ಗದ ನಟ್ಟನಡುವಿನ ಪಲೇಟ್ವಾ ಪಟ್ಟಣ 2024ರ ಜನವರಿಯಲ್ಲಿ ಸೇನಾಡಳಿತದ ವಿರುದ್ಧ ಹೋರಾಡುವ ರಖೈನ್ ಜನರ ಸಶಸ್ತ್ರ ಸಂಘಟನೆಯಾದ ಅರಾಕಾನ್ ಸೇನೆಯ ಕೈಸೇರಿತು. ನೇಪಿಡಾದ ಸಹಿಯೊಂದರಿಂದ ಆ ರಸ್ತೆ ಇಂದು ತೆರೆಯುವುದಿಲ್ಲ. ಇನ್ನು 2025ರ ಡಿಸೆಂಬರ್ 28ರಿಂದ ಜನವರಿಯವರೆಗೆ ಮೂರು ಹಂತಗಳಲ್ಲಿ ಸೇನಾಡಳಿತ ನಡೆಸಿದ ಚುನಾವಣೆಯನ್ನು ಶಾಂತಿಯ ಮೊದಲ ಹೆಜ್ಜೆಯೆಂದು ಕೆಲವರು ಬಣ್ಣಿಸುತ್ತಿದ್ದಾರೆ. 2020ರಲ್ಲಿ ಗೆದ್ದ ಪಕ್ಷವನ್ನು 2023ರಲ್ಲಿಯೇ ವಿಸರ್ಜಿಸಲಾಗಿತ್ತು, ದೇಶದ ಹಲವು ಭಾಗಗಳಲ್ಲಿ ಮತಗಟ್ಟೆಯೇ ಇರಲಿಲ್ಲ, ಚುನಾವಣೆಯನ್ನು ಟೀಕಿಸುವುದೇ ಅಪರಾಧವೆಂಬ ಕಾನೂನಿತ್ತು, ಸೇನೆಯ ಬೆಂಬಲದ ಪಕ್ಷ ಗೆದ್ದಿತು. ಆ ಮೇಷ್ಟ್ರು ಮೊಬೈಲಿನಲ್ಲಿ ಜೋಪಾನ ಮಾಡಿದ್ದ ಚಿತ್ರಕ್ಕೂ ಈ ಚುನಾವಣೆಗೂ ಏನು ಸಂಬಂಧ?

ದೇಶಭ್ರಷ್ಟರನ್ನು ಕೂರಿಸಿ ಮಾತಾಡಿಸುವುದು ಭಾರತಕ್ಕೆ ಹೊಸದಲ್ಲ. 1971ರ ಏಪ್ರಿಲ್‌ನಲ್ಲಿ ರಚನೆಯಾದ ಬಾಂಗ್ಲಾದೇಶದ ಹಂಗಾಮಿ ಸರ್ಕಾರ ಕೆಲಸ ಮಾಡಿದ್ದು ಕಲ್ಕತ್ತದ ಥಿಯೇಟರ್ ರಸ್ತೆಯ ಮನೆಯಿಂದ. ದಕ್ಷಿಣ ಆಫ್ರಿಕಾದ ಹೋರಾಟಗಾರರಿಗೆ 1960ರ ದಶಕದಲ್ಲಿಯೇ ದೆಹಲಿಯಲ್ಲಿ ಕಚೇರಿ ಇತ್ತು. 1988ರಲ್ಲಿ ಬರ್ಮಾದ ವಿದ್ಯಾರ್ಥಿಗಳು ಓಡಿಬಂದಾಗ ಗಡಿಯಲ್ಲಿ ಶಿಬಿರ ತೆರೆದದ್ದೂ ನಾವೇ.

ಆದುದರಿಂದ ತಮ್ಮಲ್ಲಿ ನನ್ನ ಕೋರಿಕೆ ಇದು. ಮುಂದಿನ ಅಧಿವೇಶನದಲ್ಲಿ ವಿದೇಶಾಂಗ ಸಚಿವರಿಗೆ ತಾವೊಂದು ಪ್ರಶ್ನೆ ಕೇಳಬೇಕು: ಮ್ಯಾನ್ಮಾರ್‌ನ ಶಾಂತಿಯ ಕುರಿತು ಭಾರತ ನಡೆಸುವ ಮಾತುಕತೆಗಳಲ್ಲಿ 2020ರಲ್ಲಿ ಚುನಾಯಿತರಾದವರ, ಐಕ್ಯತಾ ಸರ್ಕಾರದ ಹಾಗೂ ಗಡಿ ಪ್ರಾಂತ್ಯಗಳ ಸಂಘಟನೆಗಳ ಪ್ರತಿನಿಧಿಗಳಿಗೆ ಬಹಿರಂಗವಾದ ಸ್ಥಾನವಿದೆಯೇ, ಇಲ್ಲದಿದ್ದರೆ ಏಕಿಲ್ಲ? ರಾಜಕೀಯ ಕೈದಿಗಳ ಬಿಡುಗಡೆಯನ್ನು ಭಾರತ ತನ್ನ ಪ್ರತಿ ಭೇಟಿಯಲ್ಲೂ ಹೆಸರಿಟ್ಟು ಕೇಳಬೇಕು ಎಂಬುದನ್ನೂ ತಾವು ಒತ್ತಾಯಿಸಬೇಕು. ನಿರಾಶ್ರಿತರ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ಮಾತಾಡಬೇಕಾಗಿದೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ನಾವು ಸಹಿ ಹಾಕಿಲ್ಲ, ನಮ್ಮಲ್ಲಿ ಅದಕ್ಕೊಂದು ಪ್ರತ್ಯೇಕ ಕಾನೂನೂ ಇಲ್ಲ. ಮಿಜೋರಾಂನಲ್ಲಿ ಮೂವತ್ತು ಸಾವಿರದಷ್ಟು ಜನರಿಗೆ ಅನ್ನ, ಸೂರು ಕೊಟ್ಟದ್ದು ಬಹುಪಾಲು ಅಲ್ಲಿನ ಚರ್ಚುಗಳು, ಯುವಕ ಸಂಘಗಳು, ಬಡ ಹಳ್ಳಿಗಳು. ತಾವೇ ಅರೆಹೊಟ್ಟೆಯಲ್ಲಿದ್ದ ಮನೆಗಳಿಂದ ಅಕ್ಕಿ ಎತ್ತಿ ತರುತ್ತಿದ್ದುದನ್ನು ನಾನು ನೋಡಿದ್ದೇನೆ. ಸಮವಸ್ತ್ರ ತೊಟ್ಟು ಸೇತುವೆಯ ಮೇಲೆ ನಿಂತವನಿಗೆ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬುದನ್ನು ಹೇಳುವ ಸ್ಪಷ್ಟ ಕಾನೂನು ಬೇಕು. ಅದಿಲ್ಲದಿದ್ದರೆ ಒಂದು ಕುಟುಂಬದ ಬದುಕು ಅಂದು ಅಲ್ಲಿ ನಿಂತವನ ಮನಸ್ಸಿನ ಮೇಲೆ ನಿಂತುಬಿಡುತ್ತದೆ. ಆ ಭಾರವನ್ನು ನಾನು ಹೊತ್ತಿದ್ದೇನೆ, ಅದು ಒಬ್ಬ ಸಿಪಾಯಿ ಹೊರಬೇಕಾದ ಭಾರವಲ್ಲ.

ಇದೇ ಪತ್ರದ ಪ್ರತಿಯನ್ನು ಜಿಲ್ಲೆಯ ಪತ್ರಿಕೆಗಳಿಗೂ ಕೊಡುತ್ತಿದ್ದೇನೆ. ನಮ್ಮ ಜಿಲ್ಲೆಯ ಪಂಚಾಯಿತಿ ಸದಸ್ಯರು, ವಕೀಲರು, ಮೇಷ್ಟ್ರುಗಳು, ವಿದ್ಯಾರ್ಥಿಗಳು ಇದನ್ನು ಓದಿ ಒಪ್ಪಿದರೆ ತಮಗೆ ಒಂದೊಂದು ಸಾಲು ಬರೆಯಲಿ ಎಂದು ಅವರನ್ನೂ ಕೇಳಿಕೊಳ್ಳುತ್ತೇನೆ. ಏಪ್ರಿಲ್ 25ರಂದು ತಾವು ವಿದುರಾಶ್ವತ್ಥಕ್ಕೆ ಹೂಮಾಲೆ ಅರ್ಪಿಸಲು ಬರುವುದಾದರೆ, ವೀರಸೌಧದ ಬಾಗಿಲಲ್ಲಿ ನಿಂತಿರುತ್ತೇನೆ. ಆ ಮೇಷ್ಟ್ರು 2021ರ ಮಳೆಗಾಲದಲ್ಲಿ ಹಳೆಯ ನೋಟ್‌ಪುಸ್ತಕದ ಹಾಳೆಯಲ್ಲಿ ತನ್ನ ಊರಿನ ಹೆಸರನ್ನು ಬರ್ಮೀಸ್ ಲಿಪಿಯಲ್ಲಿ ಬರೆದುಕೊಟ್ಟಿದ್ದ. ದುಂಡು ದುಂಡಾದ ಅಕ್ಷರ, ದೂರದಿಂದ ನೋಡಿದರೆ ನಮ್ಮ ಕನ್ನಡದಂತೆಯೇ ಕಾಣುತ್ತದೆ. ಆ ಹಾಳೆಯನ್ನೂ ತರುತ್ತೇನೆ. ತಾವು ಎರಡು ನಿಮಿಷ ಬಿಡುವು ಮಾಡಿಕೊಂಡು ಅದನ್ನು ನೋಡಬೇಕು.

ತಮ್ಮ ವಿಶ್ವಾಸಿ,
ಗೌರಿಬಿದನೂರು ತಾಲ್ಲೂಕಿನ ಒಬ್ಬ ನಿವೃತ್ತ ಯೋಧ ಹಾಗೂ ತಮ್ಮ ಕ್ಷೇತ್ರದ ಮತದಾರ